ಸೆಕೆಯ ಜವಾಬ್ದಾರರು ರಜೆಯಲ್ಲಿದ್ದಾರೆ

ಗೋಥೆನ್‌ಬರ್ಗ್‌ನ ಒಂದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸಗಾರರನ್ನು ಸೆಕೆಯಿಂದ ಕಾಪಾಡುವ ಹೊಣೆ ಸಂಪೂರ್ಣವಾಗಿ ಆಡಳಿತದ್ದಾಗಿತ್ತು. ಈ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

೨೦೧೮ರ ಜುಲೈನಲ್ಲಿ ಸ್ವೀಡನ್ನಿನವರು ಕಂಡು ಕೇಳರಿಯದಂಥ ಬೇಸಿಗೆ ಬಂತು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುವ ಯಂತ್ರದ ಪಕ್ಕ ನಲವತ್ತೊಂದು ಡಿಗ್ರಿ. ಅಲ್ಲಿ ನಿಂತಿದ್ದವರು ಬಳ್ಳಾರಿಯ ರಾಜಲಕ್ಷ್ಮಿ. ಸೇರಿ ನಾಲ್ಕು ತಿಂಗಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ತಲೆ ಸುತ್ತುತ್ತಿದೆ ವಿಠ್ಠಲ ಅವ್ರೇ. ಸ್ವಲ್ಪ ಹೊತ್ತು ಮಷೀನ್ ನಿಲ್ಲಿಸೋಕೆ ಆಗಲ್ವಾ?"

ವಿಠ್ಠಲ ಕೆಲಸಗಾರರ ಸುರಕ್ಷತಾ ಪ್ರತಿನಿಧಿ. "ನಿಲ್ಲಿಸೋ ಪವರ್ ನನಗಿದೆ. ಆದ್ರೆ ಮೊದಲು ಮ್ಯಾನೇಜ್‌ಮೆಂಟ್‌ಗೆ ತಿಳಿಸ್ಬೇಕು, ರೂಲ್ ಹಾಗಿದೆ" ಎಂದು ಹೇಳಿ ಮ್ಯಾನೇಜರ್ ಲೆನಾರ್ಟ್‌ಗೆ ಮೇಲ್ ಹಾಕಿದರು.

ಉತ್ತರ ಎರಡೇ ಸೆಕೆಂಡಿನಲ್ಲಿ ಬಂತು. "ಆಗಸ್ಟ್ ಹದಿಮೂರರವರೆಗೆ ರಜೆಯಲ್ಲಿದ್ದೇನೆ. ತುರ್ತಾಗಿದ್ದರೆ ಬ್ರಿಟ್ಟಾ ಅವರನ್ನು ಸಂಪರ್ಕಿಸಿ." ಸುರಕ್ಷತಾ ಅಧಿಕಾರಿ ಬ್ರಿಟ್ಟಾ ಕೂಡ ಅಷ್ಟೇ ಚುರುಕು. "ರಜೆಯಲ್ಲಿದ್ದೇನೆ. ತುರ್ತಾಗಿದ್ದರೆ ಲೆನಾರ್ಟ್ ಅವರನ್ನು ಸಂಪರ್ಕಿಸಿ."

ಉಳಿದಿದ್ದವನು ಬೇಸಿಗೆಯ ಬದಲಿ ಮೇಲ್ವಿಚಾರಕ ಆಂಡರ್ಸ್. ಒಳ್ಳೆಯ ಮನುಷ್ಯ. ತಾನೇ ಬಂದು ವಿಚಾರಿಸಿದ.

"ನೀವು ಇಂಡಿಯಾದವರಲ್ಲವೇ? ಇದು ನಿಮ್ಮ ಮನೆಯ ಹಾಗೇ ಅನ್ನಿಸಬೇಕು."

"ಮನೆಯಲ್ಲಿ ಇಷ್ಟು ಸೆಕೆ ಆದರೆ ಮಲಗುತ್ತಿದ್ದೆವು" ಎಂದರು ರಾಜಲಕ್ಷ್ಮಿ.

'ಸೆಕೆಯ ಪೂರ್ವಾನುಭವ ಇದೆ' ಎಂದು ಆಂಡರ್ಸ್ ಬರೆದುಕೊಂಡ.

ಗುರುವಾರ ಫೀಕಾ ಎಂಬ ಕಾಫಿ ವಿರಾಮ ಮುಗಿಸಿ, ಲೋಟ ಕೆಳಗಿಟ್ಟು ಬಂದ ರಾಜಲಕ್ಷ್ಮಿ ಚಾದರ ಹಿಡಿದುಕೊಂಡೇ ಕುಸಿದರು. ಇಸ್ತ್ರಿ ಯಂತ್ರದ ಬಿಸಿ ಉರುಳೆ ಚಾದರದ ಜೊತೆಗೆ ಅವರ ಕೈಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ವಿಠ್ಠಲ ಯಾರಿಗೂ ಮೇಲ್ ಹಾಕದೆ ಓಡಿಬಂದು ಕೆಂಪು ಗುಂಡಿ ಒತ್ತಿದರು. ಉರುಳೆಗೂ ಬೆರಳಿಗೂ ನಡುವೆ ಒಂದು ಗೇಣು ಉಳಿದಿತ್ತು. ಪೂರ್ವಸೂಚನೆಯಿಲ್ಲದೆ ಯಂತ್ರ ನಿಲ್ಲಿಸಿದ್ದಕ್ಕಾಗಿ ಅವರಿಗೆ ಸಂಜೆಯೇ ಲಿಖಿತ ಎಚ್ಚರಿಕೆ ಕೊಡಲಾಯಿತು.

ಅಪಘಾತದ ವರದಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕಿತ್ತು. ಕಾರಣದ ಪಟ್ಟಿಯಲ್ಲಿ ಮೂರೇ ಆಯ್ಕೆ: ಜಾರಿದ್ದು, ಎಡವಿದ್ದು, ಗುದ್ದಿಕೊಂಡದ್ದು.

"ಸೆಕೆ ಅಂತ ಎಲ್ಲಿ ಹಾಕೋದು?" ವಿಠ್ಠಲ ಕೇಳಿದರು.

"ಕಡೆಗೆ ಆಕೆ ನೆಲದ ಮೇಲೇ ತಾನೇ ಇದ್ದದ್ದು?" ಎಂದ ಆಂಡರ್ಸ್. 'ಜಾರಿದ್ದು' ಎಂದಾಯಿತು.

ಆಡಳಿತ ತನ್ನ ಹೊಣೆಯಿಂದ ನುಣುಚಿಕೊಳ್ಳಲಿಲ್ಲ. ವಾರದೊಳಗೆ ಎಲ್ಲರಿಗೂ ಮೊಣಕಾಲುದ್ದದ, ಒಳಗೆ ಉಣ್ಣೆಯಿರುವ, ಜಾರದ ರಬ್ಬರ್ ಬೂಟುಗಳನ್ನು ವಿತರಿಸಲಾಯಿತು. ಅವನ್ನು ತೊಟ್ಟ ಮೇಲೆ ಇನ್ನಿಬ್ಬರು ಬಿದ್ದರು. ಆದರೆ ಯಾರೂ ಜಾರಲಿಲ್ಲ.

ಸೆಕೆಯ ಬಗೆಗಿನ ಕಡ್ಡಾಯ ತರಬೇತಿಗೆ ಎಲ್ಲರಿಗೂ ಬಿಡುವಾದದ್ದು ಡಿಸೆಂಬರಿನಲ್ಲಿ. ಹೊರಗೆ ಮೈನಸ್ ಒಂಬತ್ತು. ಕೋಟು ಬಿಚ್ಚದೆ ಕೂತವರಿಗೆ ಬ್ರಿಟ್ಟಾ ನೀರು ಕುಡಿಯುವ ಸರಿಯಾದ ವಿಧಾನವನ್ನು ತೋರಿಸಿಕೊಟ್ಟರು. ಕೊನೆಗೆ ಕಳಕಳಿಯಿಂದ ಕೇಳಿದರು:

"ಇಲ್ಲಿ ಯಾರಿಗಾದರೂ ಸೆಕೆಯಾಗುತ್ತಿದೆಯೇ? ಸಂಕೋಚ ಬೇಡ."

ಎಲ್ಲರೂ ರಾಜಲಕ್ಷ್ಮಿಯವರನ್ನು ನೋಡಿದರು. ಅವರ ಕೆಲಸ ಹಿಂದಿನ ವಾರವಷ್ಟೇ ಕಾಯಂ ಆಗಿತ್ತು.

"ಇಲ್ಲ" ಎಂದರು ರಾಜಲಕ್ಷ್ಮಿ. ಅದು ನಿಜವೂ ಆಗಿತ್ತು.

ಸಮಸ್ಯೆ ನೂರಕ್ಕೆ ನೂರು ಬಗೆಹರಿದಿದೆಯೆಂದು ಬರೆದುಕೊಳ್ಳಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು; ಹಾಗೆ ತಟ್ಟಿದ್ದರಿಂದ ಕೈಗಳೂ ಕೊಂಚ ಬೆಚ್ಚಗಾದವು.