ಅಟ್ಟ ಹತ್ತಿದ ಟೊಮ್ಯಾಟೊ

ಆ ಟೊಮ್ಯಾಟೊ ಸಸಿಗಳನ್ನು ಅವತ್ತೇ ತಿಪ್ಪೆಗೆ ಎಸೆದು ಕೈ ತೊಳೆದುಕೊಳ್ಳಬೇಕಿತ್ತು ಎಂದು ಮಂಗಳಾಗೆ ಈಗಲೂ ಅನ್ನಿಸುತ್ತದೆ. ಎಸೆಯಲಿಲ್ಲ. ಬದುಕಿಸಿದಳು. ಸಂಸಾರದಲ್ಲಿ ಹೆಂಗಸರು ಮಾಡುವ ತಪ್ಪುಗಳಲ್ಲೆಲ್ಲ ಇದು ದೊಡ್ಡದು: ಬೇರೆಯವರು ಕೆಡಿಸಿದ್ದನ್ನು ಸದ್ದಿಲ್ಲದೆ ಸರಿಮಾಡಿಬಿಡುವುದು.

ಶುರುವಾದದ್ದು ಒಂದು ವಾರದ ರಜೆಯ ಆಸೆಯಿಂದ. ನೊಣವಿನಕೆರೆಯ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಂಗಳಾ ಬಸ್ಸು ಹತ್ತಿದ್ದು ಮದುವೆಗೆ, ನಾಮಕರಣಕ್ಕೆ, ಸಾವಿಗೆ, ಆಸ್ಪತ್ರೆಗೆ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಹಂದನಕೆರೆಯಲ್ಲಿರುವ ತಂಗಿ ಮೀನಾಳ ಮನೆಗೆ ಹೋಗಿ ಒಂದು ವಾರ ಇದ್ದು ಬರುತ್ತೇನೆ ಎಂದಳು.

"ಏನ್ ವಿಶೇಷ?" ಎಂದ ಗಂಡ ತೋಂಟದಾರ್ಯ, ಪೇಪರಿನಿಂದ ಕಣ್ಣು ತೆಗೆಯದೆ.

"ಏನೂ ಇಲ್ಲ. ಸುಮ್ನೆ."

ಪೇಪರು ಕೆಳಗಿಳಿಯಿತು. ಸುಮ್ಮನೆ ಹೋಗುತ್ತೇನೆ ಎಂದು ಆ ಮನೆತನದ ಇತಿಹಾಸದಲ್ಲೇ ಯಾರೂ ಹೇಳಿರಲಿಲ್ಲ (ಯಾರೂ ಅಂದರೆ ಹೆಂಗಸರು ಎಂದು ತಿಳಿಯಬೇಕು, ಗಂಡಸರು ದಿನಾ ಸರ್ಕಲ್ಲಿಗೆ ಸುಮ್ಮನೆಯೇ ಹೋಗುತ್ತಿದ್ದರು).

"ಸುಮ್ನೆ ಅಂತ ಯಾರಾದ್ರೂ ಹೋಗ್ತಾರೇನವ್ವಾ?" ಅತ್ತೆ ಗುರುಸಿದ್ದಮ್ಮ ಒಳಗಿನಿಂದಲೇ ಕೂಗಿದರು. "ಸಂತೆಗೆ ಹೋಗೋರೂ ಒಂದು ಚೀಲ ಹಿಡ್ಕಂಡು ಹೋಗ್ತಾರೆ."

"ನಾನೂ ಚೀಲ ಹಿಡ್ಕಂಡೇ ಹೋಗ್ತೀನಿ ಅತ್ತೆ. ಬಟ್ಟೆ ಚೀಲ."

ಅಡ್ಡಿ ಇದ್ದದ್ದು ಒಂದೇ, ಟೊಮ್ಯಾಟೊ. ಬೆಳಗಿನ ಚಳಿಗೂ ಪಕ್ಕದ ಮನೆ ಓಬಮ್ಮನ ಕೋಳಿಗಳಿಗೂ ಹೆದರಿ ಮಂಗಳಾ ಬೀಜವನ್ನು ಮನೆಯೊಳಗೇ ಹಾಕುತ್ತಿದ್ದಳು. ತೆಂಗಿನ ಚಿಪ್ಪಿನಲ್ಲಿ ಕಣ್ಣಿರುವ ಅರ್ಧವನ್ನೇ ಆರಿಸಿ, ಕಣ್ಣು ಚುಚ್ಚಿ ನೀರು ಬಸಿಯಲು ದಾರಿ ಮಾಡಿ, ನಾರಿನ ಪುಡಿಗೆ ಹಳೆ ಗೊಬ್ಬರ ಬೆರೆಸಿ ತುಂಬಿ, ಒಲೆಯ ಮಗ್ಗುಲಲ್ಲಿ ಬೆಚ್ಚಗಿಡುತ್ತಿದ್ದಳು. ಮೊಳಕೆ ತಲೆ ಎತ್ತಿತೋ, ಅಲ್ಲಿಂದ ಬೆಳಿಗ್ಗೆ ಚಿಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿ ಜಗಲಿಯ ಬಿಸಿಲಿಗೆ, ಸಂಜೆ ಮತ್ತೆ ಒಳಕ್ಕೆ. ಒಂದೇ ಕಡೆ ವಾಲದಂತೆ ಚಿಪ್ಪು ತಿರುಗಿಸಬೇಕು. ಬೆರಳಿಟ್ಟು ಒದ್ದೆ ನೋಡಿಯೇ ನೀರು ಹಾಕಬೇಕು. ಮಕ್ಕಳ ತಲೆ ಸವರಿದಂತೆ ಆಗಾಗ ಅಂಗೈ ಆಡಿಸಬೇಕು. ಗಾಳಿ ಬಡಿದ ಹಾಗಾಗಿ ಕಾಂಡ ಗಟ್ಟಿಯಾಗುತ್ತದೆ. ಇಷ್ಟು ವರ್ಷ ಇದನ್ನೆಲ್ಲ ಅದೇ ಜಗಲಿಯಲ್ಲಿ ಕೂತು ನೋಡಿದ ತೋಂಟದಾರ್ಯನಿಗೆ ತಿಳಿದದ್ದು, ಹೆಂಡತಿ ಚಿಪ್ಪುಗಳನ್ನು ವಾಕಿಂಗಿಗೆ ಕರೆದುಕೊಂಡು ಹೋಗುತ್ತಾಳೆ ಎಂಬುದಷ್ಟೇ.

"ಹೋಗೇ, ನಾನ್ ನೋಡ್ಕತೀನಿ," ಎಂದ. "ಕೊಬ್ಬರಿ ಮಾಡೋನಿಗೆ ಟೊಮ್ಯಾಟೊ ಒಂದು ಲೆಕ್ಕವಾ?"

"ಬೆಳಿಗ್ಗೆ ಹೊರಗಿಡಿ, ಸಂಜೆ ಒಳಗಿಡಿ. ಅಷ್ಟೇ ಕಣ್ರೀ."

"ಆಯ್ತು ಕಣೇ."

"ಏನ್ ಹೇಳ್ದೆ, ಹೇಳಿ ನೋಡಾಣ?"

"ನಾನೇನು ಇಸ್ಕೂಲ್ ಹುಡುಗನಾ?"

ಆ ಮಾತು ಕೇಳಿದ ತಕ್ಷಣ ಮಂಗಳಾ ಚೀಲ ಕೆಳಗಿಡಬೇಕಿತ್ತು. ಆದರೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಹಂದನಕೆರೆಯಲ್ಲಿ ಮಂಗಳಾ ತಾನು ಕಾಸದ ಕಾಫಿ ಕುಡಿದಳು. ಅದರ ರುಚಿಯೇ ಬೇರೆ. ಅಕ್ಕ ತಂಗಿ ಇಬ್ಬರೂ ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿದರು. ಬೇರೆಯವರ ಮನೆಯ ಅವರೆಕಾಯಿ ಸುಲಿಯುವುದು ಕೆಲಸ ಅನ್ನಿಸುವುದೇ ಇಲ್ಲ. ಸತ್ತವರು, ಹುಟ್ಟಿದವರು, ಓಡಿಹೋದವರು, ಎಲ್ಲರ ಸುದ್ದಿಯೂ ಆಯಿತು. ಇನ್ನೂ ಎಷ್ಟೋ ಸುದ್ದಿ ಬಾಕಿ ಇರುವಾಗಲೇ ಗಂಡನ ಫೋನು ಬಂತು.

"ಲೇ, ಏನ್ ಬೆಳ್ದವೆ ಅಂತೀಯ! ನೀನಿದ್ದಾಗ ಕುಳ್ಳಗೆ ಕುಂತಿದ್ವು. ಈಗ ನೋಡ್ಬೇಕು, ಗೇಣುದ್ದ!"

ಮಂಗಳಾ ಅವರೆಕಾಯಿ ಕೆಳಗಿಟ್ಟಳು. "ಎಲ್ಲಿಟ್ಟಿದೀರ?"

"ಎಲ್ಲಿಡ್ತಾರೆ? ಅಟ್ಟದ ಮೇಲೆ."

ತಿಪಟೂರು ಸೀಮೆಯ ತೆಂಗಿನವರಿಗೆ ಅಟ್ಟವೆಂದರೆ ಸಾಮಾನ್ಯವಲ್ಲ. ಕಾಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕಿ, ಕೆಳಗಿನ ಒಲೆಯ ಬಿಸಿ ತಾಗುವಂತೆ, ಕತ್ತಲಲ್ಲಿ, ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಒಳಗಿನ ನೀರು ಹಿಂಗಿ ಉಂಡೆ ಕೊಬ್ಬರಿಯಾಗುತ್ತದೆ. ನಡುವೆ ಕೈ ಹಾಕಿದವನು ಕೆಟ್ಟ. ಬಿಟ್ಟುಬಿಡುವುದೇ ಕೆಲಸ ಎನ್ನುವ ಈ ಮಹಾವಿದ್ಯೆಯನ್ನು ತೋಂಟದಾರ್ಯ ಅಪ್ಪನಿಂದ ಕಲಿತಿದ್ದ. ಕಲಿತದ್ದನ್ನು ಸಂಸಾರದ ಉಳಿದೆಲ್ಲ ಕೆಲಸಗಳಿಗೂ ಶ್ರದ್ಧೆಯಿಂದ ಅನ್ವಯಿಸಿದ್ದ. ಈಗ ಟೊಮ್ಯಾಟೊ ಸರದಿ.

"ಇರಕ್ಕಾ," ಎಂದಳು ಮೀನಾ, ಅಕ್ಕ ಬಟ್ಟೆ ಮಡಚುವುದನ್ನು ನೋಡಿ. "ಹೋದ್ರೆ ಹೋದ್ವು ಬುಡು. ಊರಾಗೆ ಟೊಮ್ಯಾಟೊ ಸಿಗಲ್ವಾ?"

ಎಷ್ಟು ಒಳ್ಳೆಯ ಮಾತು! ಮಂಗಳಾ ಕೇಳಲಿಲ್ಲ. ವಾರದಲ್ಲಿ ಅರ್ಧ ಬಾಕಿ ಇರುವಾಗಲೇ ಬಸ್ಸು ಹತ್ತಿದಳು.

ಮನೆಗೆ ಬಂದವಳೇ ಏಣಿ ಹತ್ತಿ ಇಣುಕಿದಳು. ಕಾಯಿ ರಾಶಿಯ ನಡುವೆ ಸಸಿಗಳು ಶಾವಿಗೆ ಎಳೆಯಂತೆ ಬಿಳಚಿಕೊಂಡು, ತಮ್ಮ ತಲೆಯ ಭಾರ ತಾವೇ ಹೊರಲಾರದೆ, ಹೆಂಚಿನ ಸಂದಿಯಿಂದ ಇಳಿದ ಒಂದೇ ಒಂದು ಬೆಳಕಿನ ಕೋಲಿನ ಕಡೆಗೆ ಕತ್ತು ಚಾಚಿದ್ದವು. ಹಂದನಕೆರೆಯ ಬಸ್ಸಿನ ಕಿಟಕಿಯಲ್ಲಿ ತಾನೂ ಹೀಗೇ ಕೂತಿದ್ದೆನೇನೋ ಅನ್ನಿಸಿತು ಅವಳಿಗೆ.

"ಬಿಸಿಲಿಗಿಡಿ ಅಂದಿದ್ನಲ್ರೀ!"

"ಬೆಚ್ಚಗಿರಬೇಕು ಅನ್ನೋಳು ನೀನೇ ಅಲ್ವಾ? ಅಟ್ಟಕ್ಕಿಂತ ಬೆಚ್ಚಗೆ ಎಲ್ಲೈತೆ?"

"ಬೀಜ ಬೆಚ್ಚಗಿರಬೇಕು, ಮೊಳಕೆಗೆ ಬೆಳಕು ಬೇಕು. ಕೂಸು ಹುಟ್ಟೋಗಂಟ ಹೊಟ್ಟೇಲಿರ್ಲಿ, ಹುಟ್ಟಿದ್ಮೇಲೂ ಅಲ್ಲೇ ಇರ್ಲಿ ಅಂದ್ರೆ ಆಯ್ತದಾ?"

"ಉದ್ದ ಬೆಳ್ದಿಲ್ವಾ ಮತ್ತೆ?"

"ಅದು ಬೆಳೆಯೋದಲ್ಲ ಕಣ್ರೀ. ಬೆಳಕೆಲ್ಲೈತೆ ಅಂತ ಹುಡುಕ್ತಾ ಅವೆ!"

"ಗಂಡಸು ಅಪರೂಪಕ್ಕೆ ಒಂದ್ ಕೆಲ್ಸ ಮುಟ್ಟಿದ್ರೆ ಹಿಂಗಾ ಮೈಮೇಲೆ ಬೀಳಾದು?" ಎಂದರು ಗುರುಸಿದ್ದಮ್ಮ. "ಇನ್ನೊಂದ್ ದಪ ಮುಟ್ತಾನಾ?"

ತಿಪ್ಪೆ ಇದ್ದದ್ದು ಹಿತ್ತಿಲಿನಲ್ಲೇ. ತಟ್ಟೆ ಹಿಡಿದು ಮಂಗಳಾ ಅಲ್ಲಿಗೆ ಹೋದದ್ದೂ ನಿಜ. ಒಂದು ಸಸಿ ಮಾತ್ರ ಅವಳ ಹೆಬ್ಬೆರಳಿಗೆ ಒರಗಿಕೊಂಡಿತು. ಅಷ್ಟಕ್ಕೇ ಕೈ ಹಿಂದೆ ಬಂತು. ಹಳೆ ಹಾಲಿನ ಪ್ಯಾಕೆಟ್ಟುಗಳಿಗೆ ಮಣ್ಣು ತುಂಬಿ, ಒಂದೊಂದು ಸಸಿಯನ್ನೂ ಎಲೆಯಷ್ಟೇ ಮೇಲೆ ಕಾಣುವಂತೆ ಕತ್ತಿನವರೆಗೆ ಹೂತಳು. ಟೊಮ್ಯಾಟೊ ಒಳ್ಳೆಯ ಜಾತಿ. ಹೂತ ಕಾಂಡಕ್ಕೆಲ್ಲ ಬೇರು ಬರುತ್ತದೆ. ಮೊದಲು ಎಳೆ ಬಿಸಿಲು, ಆಮೇಲೆ ಪೂರಾ ಬಿಸಿಲು, ನೀರು ಅಳತೆಯಲ್ಲಿ. ಬಿಳಚು ಹೋಗಿ ಹಸಿರಾಯಿತು, ಕಾಂಡ ಪೆನ್ಸಿಲಿನಂತೆ ನಿಂತಿತು. ಶಿವರಾತ್ರಿ ಕಳೆಯುವ ಹೊತ್ತಿಗೆ ಹಿತ್ತಿಲಿನಲ್ಲಿ ಹೂವು ಬಿಟ್ಟ ಗಿಡಗಳನ್ನು ನೋಡಿ ಓಬಮ್ಮ ಬೇಲಿ ದಾಟಿಯೇ ಬಂದಳು.

"ಯಾರ ಕೈಗುಣವಪ್ಪಾ ಇದು?"

ತೋಂಟದಾರ್ಯ ಗಂಟಲು ಸರಿಮಾಡಿಕೊಂಡ. "ನಂದೇ ಕಣಮ್ಮ. ಅಟ್ಟದ ಮೇಲೆ ಬೆಳೆಸಿದ್ದು. ಮೊದ್ಲು ಕತ್ಲಾಗೆ ಉದ್ದ ಎಳೀಬೇಕು, ಆಮೇಲೆ ಹೂಳಬೇಕು. ಉದ್ದ ಇದ್ದಷ್ಟೂ ಬೇರು, ಬೇರಿದ್ದಷ್ಟೂ ಕಾಯಿ."

ಮಂಗಳಾ ಬಾಯಿ ತೆರೆದಳು. ಅತ್ತೆ ಮೊಣಕೈಯಿಂದ ತಿವಿದರು. "ಹೇಳ್ಕಳ್ಳಿ ಬುಡವ್ವ. ಅವ್ನು ಮಾಡಿರೋ ಕೆಲ್ಸ ಅಂತ ಒಂದೇ ಒಂದು ಐತೆ, ಅದ್ನಾದ್ರೂ ಹೇಳ್ಕಳ್ಳಿ."

ನಗು ಬಂದು ಮಂಗಳಾ ಬಾಯಿ ಮುಚ್ಚಿದಳು. ಮುಚ್ಚಬಾರದಿತ್ತು. ಬಾಯಿ ಮುಚ್ಚಿದವರ ಕೆಲಸ ಬಾಯಿದ್ದವರ ಹೆಸರಿಗೆ ಖಾತೆಯಾಗಲು ಎಷ್ಟು ಹೊತ್ತು? ಓಬಮ್ಮ ಬೀದಿಗೆ ಹೇಳಿದಳು, ಬೀದಿ ಸರ್ಕಲ್ಲಿಗೆ ಹೇಳಿತು, ಸರ್ಕಲ್ಲಿನಲ್ಲಿ ತೋಂಟದಾರ್ಯ ತಾನೇ ಹೇಳಿದ.

ಈ ವರ್ಷ ಸಂಕ್ರಾಂತಿಗೆ ಮಂಗಳಾ ಬಟ್ಟೆ ಚೀಲ ಕೊಡವಿ ಬಿಸಿಲಿಗೆ ಹಾಕಿದ್ದಳು. ಅಷ್ಟರಲ್ಲಿ ಊರಿನವರ ಬೀಜ ಬರತೊಡಗಿತು. ಟೊಮ್ಯಾಟೊ ಬೀಜ, ಬದನೆ ಬೀಜ, ಮೆಣಸಿನ ಬೀಜ, ಎಲ್ಲವೂ ಚಿಪ್ಪು ಸಮೇತ. "ಅಣ್ಣಾ, ನಮ್ದೂ ಒಸಿ ಅಟ್ಟಕ್ಕಾಕ್ಕೊಡ್ರಿ." ತೋಂಟದಾರ್ಯ ಯಾರಿಗೂ ಇಲ್ಲವೆನ್ನಲಿಲ್ಲ. ಹೂಂ ಅನ್ನಲು ಅವನಿಗೇನು ಕಷ್ಟವಿತ್ತು? ಚಿಪ್ಪುಗಳನ್ನು ಅಟ್ಟಕ್ಕೇರಿಸಿ, ಬಂದವರನ್ನು ಏಣಿ ಹತ್ತಿಸಿ ತೋರಿಸಿ, ಇಳಿದು ಸರ್ಕಲ್ಲಿಗೆ ಹೋಗುತ್ತಿದ್ದ. ಅವನ ಬೆನ್ನು ತಿರುಗಿದ ಮೇಲೆ ಮಂಗಳಾ ಮೊಳಕೆಯೊಡೆದ ಚಿಪ್ಪುಗಳನ್ನು ಇಳಿಸಿ ಬಿಸಿಲಿಗಿಟ್ಟು, ತಿರುಗಿಸಿ, ಸವರಿ, ಸಂಜೆ ಒಳಗಿಡುತ್ತಿದ್ದಳು. ಊರಿನವರ ಸಸಿ, ಸಾಯಲಿ ಅನ್ನುವುದು ಹೇಗೆ?

"ಈ ಸಲ ಯಾಕೋ ಗಿಡ್ಡ ಆದ್ವು," ಎಂದು ತೋಂಟದಾರ್ಯ ಕೊರಗಿದ. "ನೀನು ಕೈಯಾಡಿಸ್ತೀಯಲ್ಲ, ಅದ್ಕೇ."

ಮಂಗಳಾ ತಂಗಿಗೆ ಫೋನು ಮಾಡಿ ಈ ವರ್ಷ ಬರಲಾಗುವುದಿಲ್ಲ ಎಂದಳು. "ಅದ್ಕೇನಂತೆ, ನಾನೇ ಬತ್ತೀನಿ ಬುಡಕ್ಕಾ," ಎಂದಳು ಮೀನಾ. ಮಂಗಳಾಗೆ ಕಣ್ಣು ತುಂಬಿ ಬಂತು. ತಾನು ಹೋಗಲಾಗದಿದ್ದರೇನು, ತವರೇ ನಡೆದು ಬರುತ್ತಿದೆ ಎಂದುಕೊಂಡು ಒಬ್ಬಟ್ಟಿಗೆ ಬೇಳೆ ನೆನೆಹಾಕಿದಳು.

ಮೀನಾ ಬಂದಳು. ಚೀಲದಿಂದ ಮೊದಲು ಹೊರಗೆ ಬಂದದ್ದು ಟೊಮ್ಯಾಟೊ ಬೀಜದ ಪೊಟ್ಟಣ. "ಭಾವ, ನಿಮ್ ಹೆಸ್ರು ನಮ್ಮೂರಿಗೂ ಬಂದೈತೆ!" ಭಾವ ಅವಳನ್ನು ಏಣಿ ಹತ್ತಿಸಿ ಅಟ್ಟ ತೋರಿಸಿ, ಬೆವರು ಒರೆಸಿಕೊಳ್ಳುತ್ತಾ ಇಳಿದು ಹೊರಗೆ ಹೋದ. ಮೀನಾ ಜಗಲಿಯಲ್ಲಿ ಕಂಬಕ್ಕೊರಗಿ, ಕಾಲು ಚಾಚಿ, ಒಬ್ಬಟ್ಟು ತಿಂದು, ಕಾಫಿ ಕುಡಿದು, ತೃಪ್ತಿಯಿಂದ ನಿಟ್ಟುಸಿರಿಟ್ಟಳು. ತಾನು ಕಾಸದ ಕಾಫಿಯ ರುಚಿ ಅವಳ ಮುಖದಲ್ಲೇ ಕಾಣುತ್ತಿತ್ತು. ಒಂದೊಂದು ಕೈಯಲ್ಲಿ ಒಂದೊಂದು ಸಸಿ ತಟ್ಟೆ ಹಿಡಿದ ಮಂಗಳಾ ಬಾಗಿಲನ್ನು ಮೊಣಕಾಲಿನಿಂದ ತಳ್ಳಿಕೊಂಡು ಹೊರಗೆ ಬಂದಳು.

"ಅಕ್ಕಾ," ಎಂದಳು ಮೀನಾ, ದನಿ ತಗ್ಗಿಸಿ, "ಹೇಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡ. ಭಾವನೋರು ಪಾಪ ಈ ವಯಸ್ನಾಗೆ ಒಬ್ರೇ ಎಷ್ಟಂತ ಮಾಡ್ತಾರೆ? ನೀನೂ ಒಸಿ ಕೈ ಜೋಡ್ಸಬಾರ್ದಾ?"