ಕರಕ್ ಕೋಳಿಯ ಹೆರಿಗೆ

ಲೋಕದಲ್ಲಿ ಕೆಡುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಕೆಡುವುದು ಹೊತ್ತಿಗೆ ಸರಿಯಾಗಿ ಮಾಡದ್ದರಿಂದ, ಉಳಿದ ಕಾಲು ಪಾಲು ಕೈ ತೊಳೆಯದ್ದರಿಂದ ಎಂದು ನಂಬಿ ಬದುಕಿದವಳು ನಾನು. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿ ಕೂದಲು ನರೆಸಿಕೊಂಡವಳಿಗೆ ಬೇರೆ ತತ್ತ್ವಜ್ಞಾನ ಎಲ್ಲಿಂದ ಬರಬೇಕು? ಕೂಸುಗಳು ಮಾತ್ರ ನನ್ನ ಮಾತು ಕೇಳದೆ ತಮಗೆ ಬೇಕಾದಾಗ ಹುಟ್ಟುತ್ತಿದ್ದವು; ಹುಟ್ಟಿದ ಮೇಲೆ ಅವೂ ದಾರಿಗೆ ಬರುತ್ತಿದ್ದವು. ನಿವೃತ್ತಳಾಗಿ ಕತಾರಿಗೆ, ಮುಐದರ್ ಎಂಬ ಬಡಾವಣೆಯಲ್ಲಿದ್ದ ಮಗನ ಮನೆಗೆ ಬಂದು ನೋಡಿದರೆ ಎಲ್ಲ ಅಸ್ತವ್ಯಸ್ತ. ಚಾದರದ ಮೂಲೆ ಮಡಚುವವರಿಲ್ಲ. ಊಟಕ್ಕೆ ಹೊತ್ತುಗೊತ್ತಿಲ್ಲ. ಮಗ ಪ್ರಶಾಂತ ಹಮದ್ ಬಂದರಿನ ಕೆಲಸದಿಂದ ಬಂದವನೇ ಶೂ ಸಮೇತ ಸೋಫಾದಲ್ಲಿ ಉರುಳುತ್ತಿದ್ದ. ಒಂದೇ ವಾರದಲ್ಲಿ ಬೆಳಗಿನ ಬಾಂಗಿಗೆ ಮೊದಲೇ ಎಲ್ಲರನ್ನೂ ಎಬ್ಬಿಸಿ, ಮನೆಯನ್ನು ಒಂದು ಹದಕ್ಕೆ ತಂದೆ. "ಅಮ್ಮ, ಇದು ವಾರ್ಡ್ ಅಲ್ಲ ಮಾರಾಯ್ತಿ" ಎಂದು ಅವನು ಗೊಣಗಿದ. ರೋಗಿಗಳು ಗೊಣಗುವುದು ಚೇತರಿಕೆಯ ಲಕ್ಷಣ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋಳಿ ಬಂದದ್ದು ಪಕ್ಕದ ಮನೆಯಿಂದ. ಅಲ್ಲಿದ್ದ ಮಲಯಾಳಿ ಸಂಸಾರ 'ಫೈನಲ್ ಎಕ್ಸಿಟ್' ಹೊಡೆಸಿಕೊಂಡು ಕಾಯಮ್ಮಾಗಿ ಊರಿಗೆ ಹೊರಟಿತು. ಇಲ್ಲಿಂದ ಹಾಗೆ ಹೋಗುವವರು ವಿಮಾನಕ್ಕೆ ಹತ್ತದ್ದನ್ನೆಲ್ಲ ನೆರೆಹೊರೆಗೆ ಹಂಚಿ ಹೋಗುವುದು ವಾಡಿಕೆ. ಒಬ್ಬರಿಗೆ ಮಂಚ, ಒಬ್ಬರಿಗೆ ಅರ್ಧ ಮೂಟೆ ಅಕ್ಕಿ, ನಮಗೆ ಒಂದು ಹೇಂಟೆ. ಬಣ್ಣ ಥೇಟು ಇಲ್ಲಿನವರು ಹಾಲು ಹಾಕಿ ಕುದಿಸಿ ಕುಡಿಯುವ ಕರಕ್ ಚಹಾದ್ದು. ಮೊಮ್ಮಗಳು ಆದ್ಯಾ ಅದಕ್ಕೆ 'ಕರಕ್' ಎಂದೇ ಹೆಸರಿಟ್ಟು, ಹಿತ್ತಲಲ್ಲಿ ಏಸಿಯ ಬಿಸಿಗಾಳಿ ತಾಗದ ಮೂಲೆಯೊಂದರಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟಳು. ಕರಕ್ ಕೆಲವು ದಿನ ಚೆಂದದ ಮೊಟ್ಟೆ ಇಟ್ಟಿತು. ಬಿಸಿಲು ಏರುತ್ತಿದ್ದಂತೆ ಒಂದು ಬೆಳಿಗ್ಗೆ ಸಿಕ್ಕಿದ್ದು ಮೊಟ್ಟೆಯಲ್ಲ, ನೀರು ತುಂಬಿದ ಬಲೂನು. ಚಿಪ್ಪೇ ಇಲ್ಲ. ಆದ್ಯಾಳ ಅಂಗೈಯಲ್ಲಿ ಅದು ಅತ್ತಿತ್ತ ಓಲಾಡಿ, ಅವಳ ಯೂನಿಫಾರ್ಮಿನ ಮೇಲೆಯೇ ಒಡೆಯಿತು. ಮರುದಿನವೂ ಅಂಥದ್ದೇ.

ಪ್ರಶಾಂತ ಊಟದ ಮೇಜಿನಲ್ಲಿ ತೀರ್ಪು ಕೊಟ್ಟ. "ಬರುವ ತಿಂಗಳು ಆಫೀಸಿನವರು ಊಟಕ್ಕೆ ಬರ್ಲಿಕ್ಕುಂಟು. ಕೋರಿ ರೊಟ್ಟಿ ಮಾಡುವ. ರೊಟ್ಟಿ ಡಬ್ಬದಲ್ಲುಂಟು, ಕೋಳಿ ಹಿತ್ತಲಲ್ಲುಂಟು. ಇನ್ನೆಂಥ ಬೇಕು? ಖಲಾಸ್!"

"ಪಪ್ಪಾ, ಕರಕ್ ಈಸ್ ಫ್ಯಾಮಿಲಿ!" ಎಂದು ಆದ್ಯಾ ತಟ್ಟೆ ನೂಕಿ ಎದ್ದು, ಅಳುತ್ತ ನನ್ನ ಸೆರಗು ಹಿಡಿದಳು. "ಅಜ್ಜಿ, ನೀವು ನರ್ಸ್ ಅಲ್ವಾ? ಸರಿ ಮಾಡಿ."

ಇಷ್ಟು ಸಾಕಾಯಿತು. ಕೇಸು ಕೈಗೆತ್ತಿಕೊಂಡೆ. ಮೊದಲ ತಪ್ಪು ಆಹಾರದ್ದು. ಕರಾವಳಿಯವರು ನಾವು, ಕೋಳಿಗೂ ನಮ್ಮ ಹಾಗೆ ಕುಚ್ಚಲಕ್ಕಿ ಗಂಜಿ ಸಾಕು ಎಂದುಕೊಂಡು ಮೂರು ಹೊತ್ತೂ ಅದನ್ನೇ ಸುರಿಯುತ್ತಿದ್ದೆವು. ಗಂಜಿಯಿಂದ ಚಿಪ್ಪು ಬರುವುದಿದ್ದರೆ ನಾವೆಲ್ಲ ಆಮೆಗಳಾಗಬೇಕಿತ್ತು. ಗಂಜಿ ನಿಲ್ಲಿಸಿ ಅಂಗಡಿಯಿಂದ ಮೊಟ್ಟೆಕೋಳಿಯ ಆಹಾರ ತರಿಸಿದೆ. ಮೀನು ಮಾರ್ಕೆಟಿನಿಂದ ಮರುವಾಯಿ ಎಂಬ ಚಿಪ್ಪುಮೀನು ಬಂದ ದಿನ ಒಳಗಿನ ಮಾಂಸದ ಸುಕ್ಕ ನಮಗೆ, ಚಿಪ್ಪು ಕರಕ್‌ಗೆ ಎಂದು ಪಾಲು ಮಾಡಿದೆ. ಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಬಟ್ಟಲಲ್ಲಿಟ್ಟರೆ ಅದು ಗಂಭೀರವಾಗಿ ಆರಿಸಿ ಆರಿಸಿ ತಿಂದಿತು. ಕುಡಿಯುವ ನೀರಿಗೆ ಐಸ್ ಹಾಕಿದೆ. ಬಿಸಿಲಿಗೆ ಬಾಯಿ ಬಿಟ್ಟು ಏದುಸಿರು ಬಿಡುವ ಕೋಳಿಗೆ ತಿನ್ನಲೂ ಮನಸ್ಸಿರುವುದಿಲ್ಲ, ಚಿಪ್ಪು ಕಟ್ಟಲೂ ತ್ರಾಣವಿರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಗೂಡಿನ ಹುಲ್ಲು ಗಲೀಜೆಂದು ದಿನಾ ಬೆಳಿಗ್ಗೆ ಎತ್ತಿ ಎಸೆದು, ಪೆಟ್ಟಿಗೆಯ ಬದಲು ಪ್ಲಾಸ್ಟಿಕ್ ತೊಟ್ಟಿ ಇಟ್ಟು, ಫಿನಾಯಿಲಿನಲ್ಲಿ ಒರೆಸಿ, ಬಿಳಿ ಬಟ್ಟೆ ಹಾಸಿ ನಾಲ್ಕೂ ಮೂಲೆ ಮಡಚಿದೆ. ಆಮೇಲೆ ರೌಂಡ್ಸ್. ಬೆಳಿಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ, ಸಂಜೆ ಒಮ್ಮೆ ಕರಕ್‌ನ ಹೊಟ್ಟೆ ಮುಟ್ಟಿ ನೋಡುವುದು. ಪರಿಣಾಮ: ಮೊಟ್ಟೆಯೇ ನಿಂತಿತು. ಒಂದು ಮಧ್ಯಾಹ್ನ ಅದು ಬಾಲ ಇಳಿಬಿಟ್ಟು, ಗರಿ ಉಬ್ಬಿಸಿ, ತಿಣುಕುತ್ತ ಕುಳಿತಿತ್ತು. ಮುಟ್ಟಿದರೆ ಒಳಗೆ ಮೊಟ್ಟೆ ಗಟ್ಟಿಯಾಗಿ ಸಿಕ್ಕಿಕೊಂಡಿದೆ. ಹಾಗೆಯೇ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಉಗುರುಬೆಚ್ಚನೆಯ ನೀರಿನಲ್ಲಿ ಕೂರಿಸಬೇಕು. ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಚ್ಚಲಿಗೆ ಓಡಿ, ಬಿಸಿನೀರಿನ ನಳ್ಳಿ ತಿರುಗಿಸಿದೆ. ಬಂದದ್ದು ತಣ್ಣೀರು. "ಅತ್ತೆ, ಅದಲ್ಲ! ಬೇಸಿಗೆಯಲ್ಲಿ ಇಲ್ಲಿ ಎಲ್ಲ ಉಲ್ಟಾ ಅಲ್ವಾ!" ಎಂದು ಸೊಸೆ ವಿನಯಾ ಓಡಿ ಬಂದಳು. ನಿಜ. ಮಾಳಿಗೆಯ ಟ್ಯಾಂಕು ಕಾದು ತಣ್ಣೀರ ನಳ್ಳಿಯಲ್ಲಿ ಕುದಿಯುವ ನೀರು, ಆರಿಸಿಟ್ಟ ಗೀಸರಿನಲ್ಲಿ ತಣ್ಣನೆಯ ನೀರು, ಗಡಿಬಿಡಿಯಲ್ಲಿ ಮರೆತಿದ್ದೆ. ಎರಡನ್ನೂ ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಟಬ್ಬಿನಲ್ಲಿ ಕೂರಿಸಿದೆ. ಕರಕ್ ಕಣ್ಣು ಅರೆಮುಚ್ಚಿತು. ಹೆರಿಗೆ ವಾರ್ಡಿನ ಹಳೆಯ ಅಭ್ಯಾಸ ನಾಲಿಗೆಗೆ ಬಂತು: "ಮುಕ್ಕು ಮಗಾ, ಮುಕ್ಕು! ಇನ್ನು ಸ್ವಲ್ಪವೇ! ಬೊಬ್ಬೆ ಹಾಕ್ಬೇಡ!"

ಬಂದರಿನಿಂದ ಆಗಷ್ಟೇ ಬಂದ ಪ್ರಶಾಂತ ಬಾಗಿಲಲ್ಲಿ ಬೆಚ್ಚಿ ನಿಂತ. "ಎಂಥದು? ಯಾರಿಗೆ ನೋವು ಶುರುವಾದದ್ದು?"

"ಹೊರಗೆ ನಿಲ್ಲು. ಗಂಡಸರಿಗೆ ಪ್ರವೇಶವಿಲ್ಲ" ಎಂದೆ. ಅವನು ತೆಪ್ಪಗೆ ಹೊರಗೆ ನಿಂತು ಉಗುರು ಕಚ್ಚತೊಡಗಿದ. ಕೋರಿ ರೊಟ್ಟಿಯ ಮಾತೆತ್ತಿದವನ ಮುಖದಲ್ಲಿ ಈಗ ಚೊಚ್ಚಲ ಹೆರಿಗೆಯ ಗಂಡನ ಕಳೆ. ಕೊನೆಗೂ ಮೊಟ್ಟೆ ಟಬ್ಬಿನಲ್ಲಿ ಪುಳಕ್ಕೆಂದಿತು. ಚಿಪ್ಪು ಬಂದಿತ್ತು, ಆದರೆ ನನ್ನ ಕೈಯಂತೆ ಸುಕ್ಕು ಸುಕ್ಕು.

ಮರುದಿನದಿಂದ ನಿಗಾ ಇನ್ನೂ ಬಿಗಿ ಮಾಡಿದೆ. ಕರಕ್ ನನ್ನ ಚಪ್ಪಲಿಯ ಸದ್ದಿಗೇ ಗೋಡೆ ಹತ್ತಲು ನೋಡುತ್ತಿತ್ತು. ಮತ್ತೆ ಮೊಟ್ಟೆಯಿಲ್ಲ. ಅಷ್ಟರಲ್ಲಿ ಇಲ್ಲೇ ಕತಾರಿನ ಅಲ್ ಖೋರ್ ಊರಿನಲ್ಲಿರುವ ತಮ್ಮನ ಮಗಳಿಗೆ ಹೆರಿಗೆಯಾಗಿ, ಬಾಣಂತನಕ್ಕೆ ನಾನು ಹೋಗಬೇಕಾಯಿತು. ಹೊರಡುವಾಗ ಮೂವರನ್ನೂ ಸಾಲಾಗಿ ನಿಲ್ಲಿಸಿ ಫಿನಾಯಿಲಿನಿಂದ ರೌಂಡ್ಸಿನವರೆಗೆ ಎಲ್ಲ ಒಪ್ಪಿಸಿದೆ. ಮೂವರೂ ತಲೆಯಾಡಿಸಿದರು. ಅತಿ ಬೇಗ ಒಪ್ಪುವ ರೋಗಿಯನ್ನು ನಂಬಬಾರದೆಂದು ನನಗೆ ಗೊತ್ತಿರಬೇಕಿತ್ತು.

ಮರಳಿ ಬಂದಾಗ ಆದ್ಯಾ ಗೇಟಿನಲ್ಲೇ ಮೊಟ್ಟೆ ಹಿಡಿದು ಕುಣಿಯುತ್ತಿದ್ದಳು. ಉಗುರಿನಿಂದ ತಟ್ಟಿದರೆ ಟಣ್ ಎನ್ನಬೇಕು, ಹಾಗಿತ್ತು. ಹಿತ್ತಲಿಗೆ ಹೋದೆ. ನನ್ನ ತೊಟ್ಟಿ ಮಾಯ. ಹಳೆಯ ರಟ್ಟಿನ ಪೆಟ್ಟಿಗೆ, ಹೊಲಸು ಹುಲ್ಲು, ಮುಂದೆ ಪರದೆಯಂತೆ ಒಂದು ಗೋಣಿ. ಚಿಪ್ಪು, ತಣ್ಣೀರು ಮಾತ್ರ ನಾನು ಹೇಳಿದಂತೆಯೇ.

"ರೌಂಡ್ಸ್ ಯಾರು ಮಾಡಿದ್ದು?" ಎಂದೆ.

"ಯಾರೂ ಇಲ್ಲ ಅಜ್ಜಿ. ಅದಕ್ಕೆ ಪ್ರೈವೆಸಿ ಬೇಕು. ನೀವು ನೋಡಿದ್ರೆ ಅದು ಹೋಲ್ಡ್ ಮಾಡ್ತದೆ. ನೀವು ಹೋದ ನೆಕ್ಸ್ಟ್ ಡೇ ಇಟ್ಟಿತು!"

ಸಮರ್ಥನೆಗೆಂದು ಸೊಸೆಯ ಕಡೆ ತಿರುಗಿದೆ. ಅವಳ ಕಣ್ಣ ಕೆಳಗಿನ ಕಪ್ಪು ಮಾಯವಾಗಿ ಮುಖ ತುಂಬಿಕೊಂಡಿತ್ತು. ಪ್ರಶಾಂತ ಶೂ ಸಮೇತ ಸೋಫಾದಲ್ಲಿ ಹಾಡು ಗುನುಗುತ್ತಿದ್ದವನು ನನ್ನನ್ನು ಕಂಡು ಎದ್ದು ಕೂತ. "ಬೇಗ ಬಂದ್ಯಲ್ಲಮ್ಮ. ಬಾಣಂತಿ ಪಾಪ, ಇನ್ನು ಸ್ವಲ್ಪ ದಿನ ನೋಡ್ಕೊಳ್ಬಹುದಿತ್ತು." ನನ್ನ ಗೈರುಹಾಜರಿಯಲ್ಲಿ ಗುಣವಾದದ್ದು ಕೋಳಿಯೊಂದೇ ಅಲ್ಲ ಎಂದು ಆಗ ಹೊಳೆಯಿತು.

ಆಫೀಸಿನವರು ಬಂದರು, ಕೋರಿ ರೊಟ್ಟಿಗೆ ಅಂಗಡಿಯ ಕೋಳಿ ಬಂತು. ಕರಕ್ ಅವರ ಕಾಲ ಬಳಿಯೇ ಬಿದ್ದ ರೊಟ್ಟಿಚೂರು ಹೆಕ್ಕಿತು. ಈಗ ಅದು ಮೊಟ್ಟೆಯಿಡಲು ಗೂಡಿಗೆ ಹೋಗುವ ಹೊತ್ತಾದರೆ ಆದ್ಯಾ ನನ್ನನ್ನು ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕುತ್ತಾಳೆ. "ಕೊಕ್ಕೊಕ್ಕೋ" ಎಂದು ಹಿತ್ತಲಿನಿಂದ ಕೇಳಿದ ಮೇಲೆಯೇ ನನ್ನ ಬಿಡುಗಡೆ. ಅವಳು ಒಂದು ದಿನವೂ ತಪ್ಪಿಸುವುದಿಲ್ಲ, ಒಂದು ನಿಮಿಷವೂ ಹಿಂದೆ ಮುಂದೆ ಆಗುವುದಿಲ್ಲ. ಇಷ್ಟು ನಿರ್ದಯ ಶಿಸ್ತನ್ನು ಈ ಹುಡುಗಿ ಯಾರಿಂದ ಕಲಿತಳೋ ಎಂದು, ಮಂಚದ ಚಾದರದ ಮೂಲೆ ಮಡಚುತ್ತ, ಯೋಚಿಸುತ್ತಿರುತ್ತೇನೆ.