ವೈನಿ ಆರಿಸಿದ ಕುದುರೆ

ಆ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಮಧ್ಯಾಹ್ನದ ಬಿಸಿಲಿಗೆ ಇಂಡಿ ಊರಿನ ಓಣಿಗಳೆಲ್ಲ ಕಣ್ಣು ಮುಚ್ಚಿರುವಾಗ ಅಣ್ಣನ ಮನೆಯ ಪಡಸಾಲೆಯಿಂದ, ಯಾರೋ ದೂರದಲ್ಲಿ ತೊಗರಿ ಬಡಿಯುತ್ತಿರುವ ಹಾಗೆ, ಮೆತ್ತಗೆ ಒಂದೇ ಸಮನೆ ಧಪಧಪ. ಅದರ ಮೇಲೆ ಏದುಸಿರು ಬಿಡುವ ಇಂಗ್ಲಿಷ್ ಕಾಮೆಂಟರಿ. ಎಲ್ಲ ಬರುತ್ತಿದ್ದದ್ದು ಲಿಂಬೆಹಣ್ಣಿನ ಬುಟ್ಟಿಗೆ ಆನಿಸಿಟ್ಟ ಟ್ಯಾಬ್ಲೆಟ್‌ನಿಂದ. ಯಾವುದೋ ಹಸಿರು ದೇಶದಲ್ಲಿ ಕುದುರೆಗಳು ಓಡುತ್ತಿದ್ದವು.

ನನ್ನ ವೈನಿ, ಎಂದರೆ ಅಣ್ಣನ ಹೆಂಡತಿ, ಜನ್ಮದಲ್ಲಿ ಒಂದು ಕುದುರೆಯ ಮೈ ಮುಟ್ಟಿದವರಲ್ಲ. ಗೊಳಸಂಗಿಯಲ್ಲಿ ಹುಟ್ಟಿ, ಇಂಡಿಗೆ ಸೊಸೆಯಾಗಿ ಬಂದು, ಆಯುಷ್ಯವನ್ನೆಲ್ಲ ತೋಟದ ಲಿಂಬೆಹಣ್ಣು ಆರಿಸುವುದರಲ್ಲಿ ಕಳೆದವರು. ಆದರೂ ರೇಸಿನಲ್ಲಿ ಯಾವ ಕುದುರೆ ಗೆಲ್ಲುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಈ ಭೂಮಿಯ ಮೇಲೆ ಇರಲಿಲ್ಲ. ನಂಬಿಕೆ ಬರುವುದಿಲ್ಲ, ಅಲ್ಲವೆ? ನನಗೂ ಬಂದಿರಲಿಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಕುದುರೆ ಕಂಡರೆ ಈ ವಯಸ್ಸಿನಲ್ಲೂ ಡ್ರೀಮಿ ಆಗುವವಳು. ಸಿಂದಗಿಯಿಂದ ಬಸ್ಸು ಹಿಡಿದು ಬಂದ ಒಂದು ಶನಿವಾರ ಹೊತ್ತು ಹೋಗಲೆಂದು ರೇಸು ಹಚ್ಚಿದೆ. ಅತಿ ಮೇಲಿನ ದರ್ಜೆಯದು, ಫಿಲ್ಲೀಸ್ ಅಂಡ್ ಮೇರ್ಸ್ ಓನ್ಲಿ.

“ಹಂಗಂದ್ರೇನು?” ಎಂದರು ವೈನಿ.

“ಬರೇ ಹೆಣ್ಣು ಕುದುರಿಗೋಳ್ರಿ. ಫಿಲ್ಲಿ ಅಂದ್ರ ಹರೇದ್ದು, ಮೇರ್ ಅಂದ್ರ ಬಲಿತದ್ದು.”

“ಅಂದ್ರ ಅತ್ತಿ-ಸೊಸಿ ಕೂಡೇ ಓಡ್ತಾರೇನು?” ಕೈಯಲ್ಲಿದ್ದ ಹಣ್ಣು ಕೆಳಗಿಟ್ಟರು. “ಸರೀ ಈ ಕಡೆ. ನೋಡೂಣು.”

ಓಟಕ್ಕೆ ಮೊದಲು ಕುದುರೆಗಳನ್ನು ಪ್ಯಾಡಕ್ ಎಂಬ ಅಂಗಳದಲ್ಲಿ ಸುತ್ತು ಹಾಕಿಸುತ್ತಾರೆ. ವೈನಿಯ ಪರೀಕ್ಷೆ ನಡೆಯುತ್ತಿದ್ದದ್ದು ಅಲ್ಲೇ. ನಾನು ಕನ್ನಡಕ ಏರಿಸಿ ಫಾರ್ಮು, ಡಿಸ್ಟನ್ಸು, ಪೆಡಿಗ್ರೀ ಓದತೊಡಗಿದರೆ ಅವರು ಕೈ ಅಡ್ಡ ಮಾಡುವರು. “ಅವರಪ್ಪ ಯಾರು ಅನ್ನೂದು ಆಮ್ಯಾಲ. ಮೊದಲ ತೊಗಲು ನೋಡು.” ತೆಳು ಸಿಪ್ಪೆಯ ಲಿಂಬೆಯಲ್ಲಿ ರಸ ಹೆಚ್ಚು, ದಪ್ಪ ಸಿಪ್ಪೆಯದು ಕಣ್ಣಿಗಷ್ಟೇ ದೊಡ್ಡದು. ಕುದುರೆಗೂ ಅದೇ ಕಾಯ್ದೆ. ಚರ್ಮದ ಕೆಳಗೆ ನರ ಕಾಣಬೇಕು, ಬಿಸಿಲು ಬಿದ್ದರೆ ಜಾರಬೇಕು. ಪಂಡಿತರೆಲ್ಲ ಫೇವರಿಟ್ ಎಂದು ಹೊಗಳಿದ ಕಂದು ಸುಂದರಿಯೊಬ್ಬಳನ್ನು ನೋಡಿ, “ಉಪ್ಪಿನಕಾಯಿಗೆ ಅಡ್ಡಿಯಿಲ್ಲ, ಶರಬತ್ತಿಗೆ ಬರಾಂಗಿಲ್ಲ” ಎಂದುಬಿಟ್ಟರು. ಅವಳು ಕಟ್ಟಕಡೆಗೆ ಬಂದಳು. ವೈನಿ ಮೆಚ್ಚಿದ ಕಪ್ಪು ಫಿಲ್ಲಿ ಗೆದ್ದಿತು.

ಇನ್ನೊಮ್ಮೆ ಅಲ್ಲಿ ಮಳೆಯಾಗಿ ಟ್ರ್ಯಾಕು ಹೆವಿ ಆಗಿದೆ ಎಂದು ಓದಿ ಹೇಳಿದೆ.

“ಎರಿ ಹೊಲದಾಗ ಓಡಿದಾಂಗ ಅನ್ನು. ಹಂಗಾದ್ರ ಪಾದ ಅಗಲ ಇದ್ದದ್ದೆಲ್ಲಾ ತಗದ ಒಗಿ, ಮಣ್ಣು ಹತ್ತತೈತಿ. ನಿಮ್ಮಣ್ಣನ್ನ ನೋಡಿಲ್ಲೇನು? ಮಳಿಯಾಗ ಹೋದ್ರ ಅರ್ಧ ಹೊಲಾ ಮನಿಗೆ ಹೊತ್ಕೊಂಡು ಬರ್ತಾರ.”

“ನಾ ಮೇರ್ ಅಲ್ಲ ಬಿಡು” ಎಂದರು ಅಣ್ಣ, ಪೇಪರಿನ ಹಿಂದಿನಿಂದ.

ದುಡ್ಡು ಕಟ್ಟುವ ಮಾತು ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಆ ಹಸಿರು. ಮುಳವಾಡದ ಕಡೆ ಕಾಲುವೆಯ ನೀರು ಬಂದ ಮೇಲೆ ಹೊಲಗಳು ಹಸಿರಾಗಿವೆ, ನಿಜ. ಆದರೆ ಇದು ಯಾರೂ ದುಡಿಯದ ಹಸಿರು. ಅದರ ಮೇಲೆ ಕುದುರೆಗಳು ತೇಲುವಾಗ ಪಡಸಾಲೆಯ ತುಂಬ ಲಿಂಬೆಯ ವಾಸನೆ. ನಾನು ಎಚ್ಚರವೋ ನಿದ್ದೆಯೋ ಎಂದು ತಿಳಿಯುತ್ತಿರಲಿಲ್ಲ.

ಹೀಗಿರುವಾಗ ವೈನಿಗೆ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟತೊಡಗಿತು. ಹೃದಯದ ವಾಲ್ವ್ ಕೆಟ್ಟಿದೆ, ಆಪರೇಷನ್ ಆಗದಿದ್ದರೆ ಬಹಳ ದಿನ ಇಲ್ಲ ಎಂದರು ಡಾಕ್ಟರು. ಈ ವಯಸ್ಸಿಗೆ ಆಪರೇಷನ್ನಿಗೂ ಗ್ಯಾರಂಟಿ ಇಲ್ಲ ಎಂದೂ ಹೇಳಿದರು. ವೈನಿ ಒಪ್ಪಲಿಲ್ಲ. ಬಾಗೇವಾಡಿಯ ಬೀಗರು ಬಂದು ಅತ್ತರು, ಮುದ್ದೇಬಿಹಾಳದ ನೆಂಟರು ಫೋನಿನಲ್ಲಿ ಗದರಿದರು. ಅಣ್ಣ ಊಟ ಬಿಟ್ಟರು. ಆ ಶನಿವಾರ ವೈನಿ ಒಂದು ಶರತ್ತು ಹಾಕಿದರು.

“ಇವತ್ತ ಹೆಣ್ಣುಗೋಳ ದೊಡ್ಡ ರೇಸ್ ಐತಿ. ನಾ ಒಂದು ಕುದುರಿ ಹೇಳ್ತೇನಿ. ಗೆದ್ರ ಆಪರೇಷನ್ ಮಾಡಿಸ್ಕೋತೇನಿ. ಸೋತ್ರ ಮತ್ತ ಯಾರೂ ಬಾಯಿ ತಗೀಬಾರ್ದು.”

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ವೈನಿಯ ಆಯ್ಕೆ ತಪ್ಪುವುದುಂಟೆ? ಆಗಲೇ ಗೆದ್ದಷ್ಟು ಸಂತೋಷ ನಮಗೆ.

ವೈನಿ ಎಂದಿಗಿಂತ ಹೆಚ್ಚು ಹೊತ್ತು ಪ್ಯಾಡಕ್ ನೋಡಿದರು. ಕೊನೆಗೆ ಬೆರಳಿಟ್ಟದ್ದು ಒಂದು ಬೂದು ಮೇರ್ ಮೇಲೆ. ಎಲ್ಲರಿಗಿಂತ ಹಿರಿಯಳು, ಕಾಲಿಗೆ ಪೆಟ್ಟಾಗಿ ಬಹಳ ದಿನ ಮನೆಯಲ್ಲಿ ಕೂತವಳು, ಚರ್ಮವಂತೂ ಗೋಣಿಚೀಲ.

“ವೈನಿ, ದಿಸ್ ಈಸ್ ಚೀಟಿಂಗ್. ಇದರ ತೊಗಲು ನೋಡ್ರಿ.”

“ಆರಿಸಾಕಿ ನಾನೋ ನೀನೋ?”

ಆಗ ಹೊಳೆಯಿತು. ಜಗತ್ತಿನ ಸರ್ವಶ್ರೇಷ್ಠ ಪರೀಕ್ಷಕಿ ತಮ್ಮ ವಿದ್ಯೆಯನ್ನೆಲ್ಲ ಪಣಕ್ಕೊಡ್ಡಿ, ಯಾವ ಕಾರಣಕ್ಕೂ ಗೆಲ್ಲಲಾರದ ಕುದುರೆಯೊಂದನ್ನು ಹುಡುಕಿ ತೆಗೆದಿದ್ದರು!

ಬೂದು ಮೇರ್ ತಿರುವಿನವರೆಗೂ ಎಲ್ಲರ ಹಿಂದೆ ಇದ್ದಳು. ವೈನಿ ಆರಾಮಾಗಿ ಹಣ್ಣು ಆರಿಸುತ್ತಿದ್ದರು. ತಿರುವು ದಾಟಿದ ಮೇಲೆ ಅವಳು ಹೊರಗಿನ ಅಂಚು ಹಿಡಿದು, ಏನನ್ನೋ ನೆನಪಿಸಿಕೊಂಡವಳ ಹಾಗೆ, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು. ಎಂದೂ ಸ್ಕ್ರೀನು ನೋಡದ ಅಣ್ಣ ಎದ್ದು ನಿಂತಿದ್ದರು. “ಬಾರವ್ವಾ, ಬಾ ನಮ್ಮವ್ವ” ಎನ್ನುತ್ತಿದ್ದರು ಮೆಲ್ಲಗೆ. ಬಂದಳು. ಗೆದ್ದಳು.

ವೈನಿ ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿದರು.

“ಎನ್‌ಕ್ವೈರಿ ಅಂತ ಒಂದ ಇರ್ತೈತಲ್ಲ,” ಎಂದರು ವೈನಿ. “ಯಾರರ ತಕರಾರು ತಗದಾರೇನ ನೋಡು.”

“ಇಲ್ರಿ.”

“ಫೋಟೋ ತಗದು ಯಾರು ಮುಂದ ಅಂತ ನೋಡೂದು?”

“ಬೇಕಾಗಿಲ್ರಿ. ಕ್ಲಿಯರ್ ವಿನ್.”

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. “ಮುದುಕಿ ನನ್ನ ಮಾನಾ ಕಳದ್ಲು.” ಅಣ್ಣನ ಕಡೆ ತಿರುಗಿ, “ಸೊಲ್ಲಾಪುರಕ್ಕ ಬಸ್ಸೋ, ಕಾರೋ?” ಎಂದರು.

ಮಾತಿಗೆ ತಪ್ಪಲಿಲ್ಲ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಅವರನ್ನು ಗಾಲಿ ಮಂಚದ ಮೇಲೆ ಮಲಗಿಸಿ ಥಿಯೇಟರಿನ ಬಾಗಿಲ ಬಳಿ ತಂದರು. ಅಲ್ಲಿ ಇನ್ನೂ ಕೆಲವರು ಕಾಯುತ್ತ ಮಲಗಿದ್ದರು. ವೈನಿ ತಲೆ ಎತ್ತಿ ಒಬ್ಬೊಬ್ಬರನ್ನೂ ಸಾವಕಾಶ ನೋಡಿದರು. ಆಮೇಲೆ ನನ್ನ ಕೈ ಹಿಡಿದರು.

“ನಾ ಹೆಂಗ ಕಾಣ್ತೇನಿ?”

“ಚೊಲೋ ಕಾಣ್ತೀರಿ.”

“ಖರೇ ಹೇಳು.”

ಟೊಪ್ಪಿಗೆಯಿಂದ ಹೊರಬಂದ ಅವರ ಬಿಳಿಗೂದಲನ್ನು ಒಳಗೆ ಸೇರಿಸಿದೆ.

ಅಣ್ಣ ಆಚೆ ಕಿಟಕಿಯ ಬಳಿ ನಮಗೆ ಬೆನ್ನು ಮಾಡಿ ನಿಂತಿದ್ದರು.

“ಕರೀಲೇನ್ರಿ?”

“ಬ್ಯಾಡ. ತಿರುಗಿದ್ರ ಅಳ್ತಾರ. ಮೊದಲ ಅವರಿಗೆ ಹೊಟ್ಟಿಗೇನರ ಹಾಕು.” ನನ್ನ ಕೈ ಬಿಟ್ಟರು.

ಬಾಗಿಲು ಮುಚ್ಚುವವರೆಗೂ ವೈನಿ ಕತ್ತು ಎತ್ತಿ ಅಣ್ಣನ ಬೆನ್ನನ್ನೇ ನೋಡುತ್ತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.